ರಾಹುಕಾಲಕ್ಕೆ ಮುಂಚೆ

ಅಂತರಸಂತೆ ದಾರಿಯ ಕೆಂಚನಕೊಪ್ಪಲಿನ ಸರ್ಕಾರಿ ಶಾಲೆಯ ಜಗಲಿಯಲ್ಲಿ ಒಂದು ಕರಿಹಲಗೆ ಇದೆ. ಮಿಕ್ಕ ಶಾಲೆಗಳಲ್ಲಿ ಅಂಥ ಹಲಗೆಯ ಮೇಲೆ ಮಹಾಪುರುಷರ ಜಯಂತಿಗಳಿರುತ್ತವೆ. ಇಲ್ಲಿ ಮಾತ್ರ ಯಂತ್ರಗಳ ಜಯಂತಿ. ಆಗಸ್ಟ್ ಐದು ಬಂದರೆ, 1905ರಲ್ಲಿ ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದ ಸುದ್ದಿ. ಜುಲೈ ಮೂವತ್ತೊಂದಕ್ಕೆ, 1995ರಲ್ಲಿ ದೇಶದ ಮೊದಲ ಮೊಬೈಲ್ ಕರೆ. ಬರೆಯುವವರು ಪ್ರಮೀಳಮ್ಮ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ದಿನಾ ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟು, ಕೈಯಲ್ಲಿ ಸೀಮೆಸುಣ್ಣ ಹಿಡಿದು ಬರುತ್ತಾರೆ. ಮೇಷ್ಟ್ರುಗಳಿಗೆ ಒಂದು ಕೆಲಸ ತಪ್ಪಿತಲ್ಲ, ಬೇಡ ಎನ್ನುವವರು ಯಾರು?

ಮುದುಕಿಗೆ ಓದುವ ಹುಚ್ಚು ಎಂದು ಊರು ನಗುತ್ತದೆ. ನಗಲಿ. ಮುನ್ನೂರ ಅರವತ್ತನಾಲ್ಕು ದಿನಗಳನ್ನು ತುಂಬಿಟ್ಟರೆ ಉಳಿದ ಒಂದು ದಿನ ಮುಚ್ಚಿಹೋದೀತು ಎಂಬ ಆಸೆ ಆಕೆಯದು ಎಂದು ಯಾರಿಗೂ ಗೊತ್ತಿಲ್ಲ.

ಈ ವರ್ಷ ಮಾರ್ಚ್ ಹತ್ತು ಮಂಗಳವಾರ ಬಿತ್ತು. ಪ್ರಮೀಳಮ್ಮ ಬರೆದರು: ‘1876. ಟೆಲಿಫೋನಿನಲ್ಲಿ ಮೊದಲ ಮಾತು. ಇಲ್ಲಿ ಬನ್ನಿ, ನಿಮ್ಮನ್ನು ನೋಡಬೇಕು.’

ಬಿಸಿಯೂಟದ ಅಡುಗೆಗೆ ಹೊಸದಾಗಿ ಸೇರಿದ್ದ ಶೋಭಾ ಸೊಪ್ಪಿನ ಕಟ್ಟು ಹಿಡಿದುಕೊಂಡೇ ನಿಂತು ಓದಿದಳು.

“ಇವತ್ತೇ ಕಣಮ್ಮ ನಮ್ಮವ್ವ ತೀರ್ಕಂಡಿದ್ದು” ಎಂದಳು. “ಮೈಸೂರು ಆಸ್ಪತ್ರೇಲಿ. ನಾನಾಗ ಎರಡು ವರ್ಸದ ಕೂಸಂತೆ.”

“ನಿಮ್ಮಪ್ಪ ಯಾರವ್ವ?”

“ಕಾಳ ಅಂತ. ಕಾಕನಕೋಟೆ ಕಾಡಂಚಿನ ಹಾಡಿ ಜನ ನಾವು. ಅಪ್ಪ ಈಗ ನನ್ ಜೊತೇಲೇ ಐತೆ. ಅದಕ್ಕೆ ಫೋನ್ ಕಂಡ್ರೆ ಆಗಲ್ಲ, ಹೊಡ್ಕಂಡ್ರೆ ಎದ್ದು ಆಚಿಕ್ಕೋಯ್ತದೆ. ಅವ್ವ ಆಸ್ಪತ್ರೆಯಿಂದ ಫೋನ್ ಮಾಡ್ತಾಳೆ ಅಂತ ದಿನವೆಲ್ಲ ಕಾದಿತ್ತಂತೆ. ಮಾಡ್ನೇ ಇಲ್ವಂತೆ. ಮುನಿಸ್ಕಂಡೇ ಓದ್ಳು ಅಂತ ಇವತ್ಗೂ ಕೊರಗ್ತದೆ.”

ಪ್ರಮೀಳಮ್ಮ “ಹೂಂ” ಎಂದರು. ಕಾಳ ಎಂಬ ಹೆಸರನ್ನು ಅವರು ಮೂವತ್ತೇಳು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದರು.

1989ರ ಮಾರ್ಚ್ ಹತ್ತು ಶುಕ್ರವಾರ. ಪ್ರಮೀಳಾಗೆ ಆಗ ಇಪ್ಪತ್ತೈದು. ಅರವತ್ತು ಫೋನುಗಳ ಪುಟ್ಟ ಎಕ್ಸ್‌ಚೇಂಜಿಗೆ ಅವಳೇ ರಾಣಿ. ಎದುರಿನ ಬೋರ್ಡಿನಲ್ಲಿ ಒಂದೊಂದು ಲೈನಿಗೂ ಒಂದೊಂದು ಪುಟ್ಟ ತಗಡಿನ ರೆಪ್ಪೆ. ಕರೆ ಬಂದರೆ ಆ ರೆಪ್ಪೆ ಟಕ್ಕೆಂದು ಬೀಳಬೇಕು, ಇವಳು ವೈರು ಸಿಕ್ಕಿಸಿ “ನಂಬರ್ ಪ್ಲೀಸ್” ಅನ್ನಬೇಕು. ಅವತ್ತು ಹನ್ನೊಂದು ಗಂಟೆಗೆ ಆ ಬೋರ್ಡಿಗೆ ವಿದಾಯ. ಪಕ್ಕದ ಕೋಣೆಯಲ್ಲಿ ತಾನಾಗಿಯೇ ಲೈನು ಕೊಡುವ ಹೊಸ ಯಂತ್ರ ಬಂದು ಕೂತಿತ್ತು. ಟೆಲಿಫೋನ್ ಮೊದಲು ಮಾತಾಡಿದ ದಿನವೇ ಆಗಲಿ ಎಂದು ಸಾಹೇಬರು ಪುಸ್ತಕ ನೋಡಿ ತಾರೀಖು ಆರಿಸಿದ್ದರು. ಪಂಚಾಂಗ ನೋಡಿರಲಿಲ್ಲ.

ಬೆಳಿಗ್ಗೆ ಎಂಟಕ್ಕೇ ಕಾಳ ಕಿಟಕಿಯ ಹತ್ತಿರ ಬಂದಿದ್ದ. ಹೆಂಡತಿ ಚಿಕ್ಕಮಾದಿಯನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿ ನಾಲ್ಕು ದಿನ ಜೊತೆಗಿದ್ದು, ಹಾಡಿಯಲ್ಲಿ ಕೂಸಿಗೆ ಜ್ವರವೆಂದು ಓಡಿ ಬಂದವನು. “ನನ್ನ ಒಬ್ಬಳನ್ನೇ ಬುಟ್ಟು ಓದ್ರೆ ಇನ್ನು ನಿನ್ ಕೂಡೆ ಮಾತಾಡಕಿಲ್ಲ” ಎಂದು ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳಂತೆ. ವಾರ್ಡಿನ ನರ್ಸಮ್ಮ ಒಳ್ಳೆಯವಳು. ಶುಕ್ರವಾರ ಹತ್ತೂವರೆ ಹೊತ್ತಿಗೆ ಫೋನ್ ಮಾಡಿಸುತ್ತೇನೆ, ಅವಳ ಸಿಟ್ಟು ಇಳಿದಿದ್ದರೆ ಮಾತಾಡುತ್ತಾಳೆ ಎಂದಿದ್ದಳು. ಅವಳಿಗೆ ಅವನು ಕೊಟ್ಟು ಬಂದದ್ದು ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನ ಫೋನು, ನಂಬರ್ ನಲವತ್ತೇಳು.

“ಬಂದೇಟ್ಗೆ ಕೊಟ್ಬುಡಿ ಅವ್ವ” ಎಂದ ಕಾಳ.

“ಕೊಡ್ತೀನಿ, ಹೋಗಿ ಕೂತ್ಕೊ. ಹನ್ನೊಂದರವರೆಗೂ ನಾನಿರ್ತೀನಿ” ಎಂದಳು ಪ್ರಮೀಳಾ.

ಹತ್ತು ಗಂಟೆಗೆ ಸಾಹೇಬರು ಬಂದರು. ಹಾರ ಬಂತು, ತೆಂಗಿನಕಾಯಿ ಬಂತು. ಹೊಸ ಸೀರೆ ಉಟ್ಟು, ಎಲ್ಲರ ಕಣ್ಣೂ ತನ್ನ ಮೇಲಿರುವ ಸಂಭ್ರಮದಲ್ಲಿ ಪ್ರಮೀಳಾ ಜಾಣತನ ತೋರಿಸಿದಳು. “ಸಾರ್, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ.” ಅಷ್ಟು ಸಾಕಾಯಿತು. ಅಮೆರಿಕದಲ್ಲಿ ಹುಟ್ಟಿದ ಟೆಲಿಫೋನೂ ನಮ್ಮ ರಾಹುವಿಗೆ ಹೆದರಲೇಬೇಕಲ್ಲ! ಸಾಹೇಬರು ವಾಚು ನೋಡಿ, “ಹಾಗಾದರೆ ಹತ್ತೂವರೆಯೊಳಗೆ ಮುಗಿಸಿ” ಎಂದರು. ಕಾಳನ ಮಾತು ಅವಳಿಗೆ ಆಗಲೇ ನೆನಪಾಯಿತು. ಆಡಿದ ಮಾತನ್ನು ಎಲ್ಲರೆದುರು ವಾಪಸು ತೆಗೆದುಕೊಳ್ಳಲು ನಾಚಿಕೆ ಅಡ್ಡ ಬಂತು. ಹೊಸ ಯಂತ್ರ ಹೇಗೋ ಕೊಡುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ನಲವತ್ತೇಳು ಎಂಬ ನಂಬರೇ ಇನ್ನು ಇರುವುದಿಲ್ಲ, ಹೊಸ ನಂಬರು ಆಸ್ಪತ್ರೆಯವರಿಗೆ ಗೊತ್ತಿಲ್ಲ ಎಂಬುದು ಅವಳಿಗೆ ಚೆನ್ನಾಗಿಯೇ ತಿಳಿದಿತ್ತು.

ಹತ್ತು ಇಪ್ಪತ್ತೈದು. ಕಾಯಿ ಒಡೆದರು. ಲೈನ್‌ಮನ್ ಬೋರ್ಡಿನ ಹಿಂದೆ ಇಕ್ಕಳ ಹಿಡಿದು ನಿಂತ. ಮೈಸೂರು ಲೈನಿನ ರೆಪ್ಪೆ ಟಕ್ಕೆಂದು ಬಿತ್ತು. ಪ್ರಮೀಳಾ ಬೆರಳಿನಿಂದ ಅದನ್ನು ಮೇಲಕ್ಕೆ ಒತ್ತಿದಳು. ಮತ್ತೆ ಬಿತ್ತು.

“ಹೊತ್ತು ಮೀರುತ್ತೆ ಕಣಮ್ಮ, ತೆಗೀರಿ” ಎಂದರು ಸಾಹೇಬರು.

‘ಎರಡು ನಿಮಿಷ ಸಾರ್’ ಎಂದಿದ್ದರೆ ಯಾರೂ ಅವಳನ್ನು ನುಂಗುತ್ತಿರಲಿಲ್ಲ. ಅವಳು ಅನ್ನಲಿಲ್ಲ. ವೈರು ಎಳೆದಳು, ಇಕ್ಕಳ ಕತ್ತರಿಸಿತು, ಜನ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಹೊಸ ಲೈನಿನಲ್ಲಿ ಮೈಸೂರಿನ ಆಪರೇಟರ್ ಸಿಕ್ಕಳು. “ಏನೇ ಪ್ರಮೀಳಾ, ಆಸ್ಪತ್ರೆಯಿಂದ ನಲವತ್ತೇಳಕ್ಕೆ ಎರಡು ಸಲ ಕೊಟ್ಟೆ, ನೀನು ಎತ್ತಲೇ ಇಲ್ಲ. ಯಾರೋ ಹೆಂಗಸು ಪಾಪ, ಅವನನ್ನ ಬರಕ್ಕೇಳಿ, ನೋಡಬೇಕು ಅಂತ ಅಳ್ತಿದ್ದಳು.”

ಮೂರು ಗಂಟೆಗೆ ಕಾಳ ಮತ್ತೆ ಕಿಟಕಿಗೆ ಬಂದ. “ಅವ್ವ, ಮೈಸೂರಿಂದ ಬಂದಿತ್ತಾ?”

ಸಾಹೇಬರು ಒಳಗೆ ಸಿಹಿ ತಿನ್ನುತ್ತಿದ್ದರು. ಕೆಲಸ ಹೋದೀತೆಂಬ ಭಯ ಪ್ರಮೀಳಾಗೆ. “ಇಲ್ಲಪ್ಪ, ಬರಲಿಲ್ಲ” ಎಂದಳು. ಅವನು ತಲೆಯಾಡಿಸಿ ಹಾಡಿಯ ಬಸ್ಸು ಹತ್ತಿದ. ಮೈಸೂರಿನ ಬಸ್ಸೂ ಅಲ್ಲೇ ನಿಂತಿತ್ತು. ಅವತ್ತು ಸಂಜೆಯೇ ಚಿಕ್ಕಮಾದಿ ತೀರಿಕೊಂಡಳು.

ಅಂದಿನಿಂದ ಆ ಟಕ್ ಎಂಬ ಸದ್ದು ಪ್ರಮೀಳಾಳನ್ನು ಬಿಟ್ಟಿಲ್ಲ. ಯಾರೋ ಚಿಲಕ ಹಾಕಿದರೆ, ತಟ್ಟೆಯ ಮೇಲೆ ಲೋಟ ಬೋರಲು ಹಾಕಿದರೆ, ಆ ಸದ್ದೇ. ಮಧ್ಯಾಹ್ನ ಮಲಗಿದವಳು ದಿಗ್ಗನೆ ಎದ್ದು “ನಂಬರ್ ಪ್ಲೀಸ್” ಎನ್ನುತ್ತಿದ್ದಳು. “ನಂದು ಒಂದನೇ ನಂಬರ್ ಕಣೇ, ಕಾಫಿ ಕೊಡು” ಎಂದು ಗಂಡ ನಂಜಣ್ಣ ತಮಾಷೆ ಮಾಡುತ್ತಿದ್ದ. ಅವನಿಗೂ ಹೇಳಲಿಲ್ಲ. ಸಾಯುವವರೆಗೆ ಅವನು ಅದನ್ನು ಉದ್ಯೋಗದ ಗೀಳು ಎಂದೇ ನಂಬಿದ್ದ.

ಈಗ ಶಾಲೆಯಿಂದ ಮನೆಗೆ ಬಂದ ಪ್ರಮೀಳಮ್ಮ ಊಟ ಮಾಡಲಿಲ್ಲ. ಹೇಳಿದರೆ ಊರಿನಲ್ಲಿ ಮುಖ ಉಳಿಯುವುದಿಲ್ಲ. ಹೇಳದಿದ್ದರೆ, ಹೆಂಡತಿ ಮುನಿಸಿಕೊಂಡೇ ಸತ್ತಳು ಎಂದು ನಂಬಿಕೊಂಡೇ ಆ ಮುದುಕನೂ ಮಣ್ಣಾಗುತ್ತಾನೆ. ಅವನ ಎದೆಯ ಮುಳ್ಳನ್ನಾದರೂ ಕೀಳೋಣ, ಆಮೇಲೆ ಉಗಿದರೆ ಉಗಿಯಲಿ ಎಂದುಕೊಂಡು ಚಪ್ಪಲಿ ಮೆಟ್ಟಿದರು.

ಕಾಳ ಶೋಭಾಳ ಮನೆಯ ಮುಂದೆ ಬಿದಿರು ಸೀಳುತ್ತ ಕೂತಿದ್ದ. ಗುರುತು ಹಿಡಿದು, “ಟೆಲಿಪೋನ್ ಅವ್ವಾರಲ್ವಾ, ಕೂತ್ಕಳಿ” ಎಂದ. ಪ್ರಮೀಳಮ್ಮ ಕೂರಲಿಲ್ಲ. ರಾಹುಕಾಲ, ಬಿದ್ದ ರೆಪ್ಪೆ, ಕಿಟಕಿಯಲ್ಲಿ ಹೇಳಿದ ಸುಳ್ಳು, ಎಲ್ಲವನ್ನೂ ನಿಂತೇ ಹೇಳಿದರು. ಮೈಸೂರಿನ ಆಪರೇಟರ್ ಹೇಳಿದ್ದನ್ನೂ ಒಂದು ಅಕ್ಷರ ಬಿಡದೆ ಹೇಳಿದರು.

ಕಾಳ ಮಚ್ಚನ್ನು ಕೆಳಗಿಟ್ಟ.

“ಎಷ್ಟು ಸಲ ಅಂದ್ರಿ?”

“ಎರಡು ಸಲ, ಕಾಳಣ್ಣ. ನಿನ್ನನ್ನ ನೋಡಬೇಕು ಅಂತಿದ್ದಳಂತೆ. ಅವಳಿಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ. ತಪ್ಪೆಲ್ಲ ನಂದು. ನನ್ನ ಬೈಯಪ್ಪ.”

ಅವನು ಬೈಯಲಿಲ್ಲ. ಮುಖದಲ್ಲಿ ಸಮಾಧಾನ ಕಾಣುತ್ತದೆಂದು ಪ್ರಮೀಳಮ್ಮ ಕಾದರು. ಕಾಣಲಿಲ್ಲ. ಅವನು ಮನೆಯ ಬಾಗಿಲ ಕಡೆ ನೋಡುತ್ತ ಮೆಲ್ಲಗೆ ಮಾತಾಡಿದ.

“ಮಾರ್ಲಾಮಿ ಹಬ್ಬಕ್ಕೆ ಸತ್ತೋರು ಉಣ್ಣಕ್ಕೆ ಬತ್ತಾರೆ ಅಂತ ಎಲ್ಲಾರ್ಗೂ ಎಡೆ ಇಕ್ತೀನಿ ಅವ್ವ. ನಮ್ಮಪ್ಪಂಗೆ, ನಮ್ಮವ್ವಂಗೆ, ಅತ್ತೆ ಮಾವಂಗೆ. ಅವಳಿಗೆ ಮಾತ್ರ ಒಂದ್ ಸಲನೂ ಇಕ್ಕಿಲ್ಲ. ಸಾಯೋ ಹೊತ್ನಲ್ಲೂ ನನ್ನ ಕರೀನಿಲ್ವಲ್ಲ, ಇವಳಿಗ್ಯಾಕೆ ಅಂತ. ಮೂವತ್ತೇಳು ವರ್ಸ ಹಸ್ಕಂಡು ಬಂದು, ಹಸ್ಕಂಡೇ ಓಗವ್ಳಲ್ಲ ಅವ್ವ.”