ಕಚ್ಚಿ ನೋಡಿದ ಮಣ್ಣು

ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲಿ ಮಣ್ಣನ್ನು ಬರೀ ಕಣ್ಣಿನಿಂದ ನೋಡಿ ತಂದವರಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅವ್ವ ಕೆರೆಯಂಗಳಕ್ಕಿಳಿದು, ಒಂದು ಚಿಟಿಕೆ ಮಣ್ಣನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಮೆಲ್ಲಗೆ ಕಚ್ಚುತ್ತಿದ್ದಳು. ಉಗಿದ ಮೇಲೆಯೇ ಗುದ್ದಲಿ.

"ಹಲ್ಲಿಗೆ ಕರಕರ ಅಂದ್ರೆ ಬುಟ್ಬುಡು ಮಗ, ಅದು ತಿಗರಿ ಮೇಲೆ ಮಡ್ಕೆಯಾಗಿ ಏಳಾಕಿಲ್ಲ," ಅನ್ನುತ್ತಿದ್ದಳು. ನನಗೂ ಅದೇ ಅಭ್ಯಾಸವಾಯಿತು.

ಐವತ್ತರ ದಶಕದಲ್ಲಿ ನಾನು ಕಾಲೇಜಿಗೆ ಸೇರಿ ಭೂವಿಜ್ಞಾನ ತೆಗೆದುಕೊಂಡೆ. ಮೊದಲ ಸಲ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಪಾಸಾದೆ. ಅಪ್ಪ ಬೈಯಲಿಲ್ಲ. "ಇನ್ನೊಂದ್ಸಲ ಡುಮ್ಕಿ ಹೊಡೆದ್ರೆ ಗಂಡು ನೋಡ್ತೀನಿ, ಅಷ್ಟೇಯ," ಅಂದ. ಬೈದಿದ್ದರೇ ವಾಸಿಯಿತ್ತು.

ಎರಡನೆಯ ಸಲದ ಪರೀಕ್ಷೆಯಲ್ಲಿ ಮೂರು ಪಿಂಗಾಣಿ ಬಟ್ಟಲುಗಳಲ್ಲಿ ಮಣ್ಣಿಟ್ಟಿದ್ದರು. ಮರಳು, ಹೂಳು, ಜೇಡಿ, ಯಾವುದು ಯಾವುದೆಂದು ಬರೆಯಬೇಕು. ಜಯಲಕ್ಷ್ಮಿಪುರಂನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಹುಡುಗರು ಮಹಾ ಜಾಣರು. ಪ್ರತಿವರ್ಷ ಮರಳು, ಹೂಳು, ಜೇಡಿ ಇದೇ ಕ್ರಮದಲ್ಲಿ ಇಡುತ್ತಾರೆಂದು ಹಿಂದಿನ ವರ್ಷದವರಿಂದ ತಿಳಿದುಕೊಂಡು ಬಂದಿದ್ದರು. ಬಟ್ಟಲುಗಳ ಕಡೆ ತಿರುಗಿಯೂ ನೋಡದೆ ಬರೆದರು. ಮರಳು ನನಗೂ ಕಂಡಿತು. ಉಳಿದ ಎರಡೂ ಒಣಗಿ ಒಂದೇ ಬೂದುಬಣ್ಣದಲ್ಲಿದ್ದವು. ಯಾರೂ ನೋಡದಿರುವಾಗ ಚಿಟಿಕೆ ಚಿಟಿಕೆ ಬಾಯಿಗೆ ಹಾಕಿಕೊಂಡೆ. ಎರಡನೆಯದು ಬೆಣ್ಣೆಯಂತೆ ನುಣುಪು, ಮೂರನೆಯದು ಕರಕರ. ಎರಡನೆಯದು ಜೇಡಿ, ಮೂರನೆಯದು ಹೂಳು ಎಂದು ಬರೆದೆ.

ನಮ್ಮ ಮೇಷ್ಟ್ರು ತಮ್ಮ ಉತ್ತರದ ಪಟ್ಟಿ ನೋಡಿ ನನ್ನ ಆ ಎರಡು ಉತ್ತರಕ್ಕೂ ಕೆಂಪು ಶಾಯಿಯಲ್ಲಿ ಗೀಟು ಎಳೆದರು. ಹೊರಗಿನಿಂದ ಬಂದಿದ್ದ ವಯಸ್ಸಾದ ಪರೀಕ್ಷಕರು ಕೇಳಿದರು: "ಯಾಕಮ್ಮ ಹೀಗೆ ಬರೆದೆ?"

"ಕಚ್ಚಿ ನೋಡಿದೆ ಸಾರ್."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಮುಖ ಗಂಟಿಕ್ಕಿದರು. "ಇದೇನು ಲ್ಯಾಬೋ, ನಿಮ್ಮ ಅಡುಗೆಮನೆಯೋ?" ಅಂದರು. ನನಗೆ ರೇಗಿತು. ಅಳು ಬರುವ ಮೊದಲೇ ಹೇಳಿಬಿಟ್ಟೆ: "ನೀವೂ ಕಚ್ಚಿ ನೋಡಿ ಸಾರ್, ಪಟ್ಟಿ ತಪ್ಪಿರಬೇಕು."

ಪರೀಕ್ಷಕರು ಕೈ ತೊಳೆದು ಬಂದು ಎರಡನ್ನೂ ಕಚ್ಚಿದರು. ಆಮೇಲೆ ಬಟ್ಟಲುಗಳನ್ನು ಮೇಷ್ಟ್ರ ಮುಂದೆ ತಳ್ಳಿದರು. ಹೊರಗೆ ಒಂದು ಲೋಟ ಕಾಫಿಯನ್ನೂ ಮುಟ್ಟದ ಮಡಿವಂತರು ನಮ್ಮ ಮೇಷ್ಟ್ರು. ಕಣ್ಣುಮುಚ್ಚಿ ಕಚ್ಚಿದರು. ಬಾಯಿ ಒರೆಸಿಕೊಂಡು, ಅದೇ ಕೆಂಪು ಶಾಯಿಯಲ್ಲಿ ತಮ್ಮ ಪಟ್ಟಿಗೇ ಗೀಟು ಹಾಕಿದರು. ಮಣ್ಣು ತುಂಬಿಟ್ಟ ಡಬ್ಬಿಗಳ ಧೂಳು ಒರೆಸುವಾಗ ಅವುಗಳ ಹೆಸರಿನ ಚೀಟಿಗಳು ಅದಲುಬದಲಾಗಿದ್ದವಂತೆ. ಎಲ್ಲರ ಉತ್ತರವನ್ನೂ ಮತ್ತೆ ತಿದ್ದಿದರು. ಅದನ್ನು ಸರಿ ಬರೆದವಳು ನಾನೊಬ್ಬಳೇ. ಸೈಕಲ್ಲಿನ ಹುಡುಗರ ಮುಖ ನೋಡಿ ನನಗಾದ ಸಂತೋಷವನ್ನು ಇವತ್ತಿಗೂ ಮುಚ್ಚಿಡುವುದಿಲ್ಲ.

ಪಾಸಾದೆ. ಅಪ್ಪ ಗಂಡಿನ ಮಾತೆತ್ತಲಿಲ್ಲ.

ಆ ಬೇಸಿಗೆಯಲ್ಲಿ ಮೇಷ್ಟ್ರು ಕ್ಲಾಸನ್ನೆಲ್ಲ ಕರೆದುಕೊಂಡು ನಮ್ಮ ಕೆರೆಗೆ ಬಂದರು. ಅವ್ವ ಮೊಣಕಾಲುದ್ದ ಕೆಸರಿನಲ್ಲಿದ್ದಳು. ಎತ್ತಿ ಕಟ್ಟಿದ ಸೀರೆ ಇಳಿಬಿಡಲು ಹೋದವಳನ್ನು ತಡೆದು, "ಯಾವ ಮಣ್ಣು ಎಲ್ಲಿ ಕೂರುತ್ತೆ, ನೀವೇ ತೋರಿಸಬೇಕು," ಅಂದರು. ಓದಿದವರು ಯಾರೂ ಅವ್ವನಿಗೆ ಬಹುವಚನ ಹಚ್ಚಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅವ್ವ ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ. ಹಳ್ಳ ಬಂದು ಸೇರುವ ಕಡೆಯಿಂದ ನಡೆಯುತ್ತಾ ಹೊರಟಳು. "ನೀರು ಜೋರಾಗಿ ಬರ್ತದಲ್ಲ ಸ್ವಾಮಿ, ಇಲ್ಲಿಗೆ ಬಂದು ಸುಸ್ತಾಯ್ತದೆ. ಭಾರದ ಮರಳ್ನ ಮೊದ್ಲು ಇಳಿಸ್ಬುಡ್ತದೆ. ಆಚೆಗೆ ಹೂಳು. ನುಣ್ಣಗಿರೋದ್ನ ಮಾತ್ರ ಏರಿಗಂಟ ಹೊತ್ಕೊಂಡೋಯ್ತದೆ." ಮೇಷ್ಟ್ರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಓದು ಬರಹ ಬಾರದ ಅವ್ವ, ಅವರು ಬರೆದು ಮುಗಿಸುವವರೆಗೆ ಕಾದು ನಿಂತು, ಆಮೇಲೆ ಮುಂದಿನ ಮಾತು ಹೇಳುತ್ತಿದ್ದಳು.