ಅಜ್ಜ ಅಳೆದ ಅಸ್ಥಿಪಂಜರ

ನಮ್ಮ ಸೋದರಮಾವನ ಎತ್ತರ ಐದಡಿ ಒಂದಂಗುಲ. ಉದ್ದನೆಯ ಗಿರಾಕಿ ಬಂದರೆ ಭುಜದ ಅಳತೆ ತೆಗೆಯಲು ಸ್ಟೂಲು ಹತ್ತಬೇಕು. ಅಂಥವನನ್ನು ಇಡೀ ಬೀದಿ ಕರೆಯುವುದು ದೈತ್ಯ ಟೈಲರ್ ಎಂದು. ಗೇಲಿಗೆ ಇಟ್ಟ ಹೆಸರದು. ಮಾವ ಅದನ್ನೇ ಅಂಗಡಿಯ ಬೋರ್ಡಿನ ಮೇಲೆ ಬರೆಸಿಬಿಟ್ಟ, ಗೇಲಿ ಮಾಡಿದವರು ತೆಪ್ಪಗಾದರು.

ಹೆಸರು ಬಂದದ್ದು ಅವನ ಅಪ್ಪನಿಂದ, ಅಂದರೆ ನನ್ನ ಅಜ್ಜನಿಂದ. ಅಜ್ಜನೂ ಟೈಲರೇ. ಅಂಗಡಿಯ ಹಿಂದೆ ಗೋದಾಮು ಕಟ್ಟಲು ಪಾಯ ಅಗೆಯುವಾಗ ಮನುಷ್ಯನ ಅಸ್ಥಿಪಂಜರವೊಂದು ಸಿಕ್ಕಿತಂತೆ. ಭಾರಿ ಉದ್ದ ಇದೆ ಎಂದು ಕೆಲಸಗಾರರು ಗಾಬರಿಯಾಗಿ, ಟೇಪು ಇರುವವರು ಯಾರು ಎಂದು ಹುಡುಕಿ ಅಜ್ಜನನ್ನು ಕರೆದರು. ಅಜ್ಜ ಗುಂಡಿಗಿಳಿದು ಅಳೆದು ತನ್ನ ಅಳತೆ ಪುಸ್ತಕದಲ್ಲಿ ಬರೆದುಕೊಂಡ. ಸಂಜೆಯೊಳಗೆ ಮೂಳೆಗಳನ್ನು ಬೇರೆಲ್ಲೋ ಹೂತರು, ಎಲ್ಲಿ ಎಂದು ಯಾರೂ ಹೇಳಲಿಲ್ಲ. ಮಾರನೆಯ ದಿನ ಬಂದ ಪತ್ರಿಕೆಯವನು ಪುಸ್ತಕದಲ್ಲಿದ್ದ ಅಂಕಿಗಳನ್ನು ಕೂಡಿ ಸುದ್ದಿ ಮಾಡಿದ: ಏಳಡಿ ಎಂಟಂಗುಲದ ದೈತ್ಯ ಮಾನವ ಪತ್ತೆ.

ಮೂಳೆ ಇಲ್ಲ, ಸುದ್ದಿ ಇದೆ. ಇದಕ್ಕಿಂತ ಒಳ್ಳೆಯ ಜಗಳ ಯಾವ ಮನೆಗೆ ಸಿಕ್ಕೀತು?

ನನ್ನ ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ಮದುವೆಯಾದ ಮೊದಲ ವಾರವೇ, ನಿಮ್ಮಪ್ಪ ಒಳ್ಳೆ ಕಾಗೆ ಹಾರಿಸಿದ್ದಾರೆ ಎಂದು ಅಮ್ಮನಿಗೆ ಅಂದನಂತೆ. ಆ ಮಾತು ಅವಳ ತಮ್ಮನ ಕಿವಿಗೆ ಬಿತ್ತು. ಅಂದಿನಿಂದ ಪ್ರತಿ ಭಾನುವಾರ ಮಾವ ನಮ್ಮ ಮನೆಗೆ ಬರುವುದೇ ಜಗಳ ಆಡಲು. ಹಳೆಯ ಪತ್ರಿಕೆಗಳಲ್ಲಿ ಇಂಥ ಸುದ್ದಿ ಬೇಕಾದಷ್ಟು ಬಂದಿವೆ, ಆದರೆ ಪರೀಕ್ಷೆ ಮಾಡೋಣ ಎಂದರೆ ಒಂದೋ ದೊಡ್ಡ ಪ್ರಾಣಿಯ ಮೂಳೆ, ಇಲ್ಲವೇ ಮೂಳೆಯೇ ಮಾಯ ಎಂದು ಅಪ್ಪ ಹೇಳುತ್ತಿದ್ದ. ಮಾಯವಾದ ಮಾತ್ರಕ್ಕೆ ಇರಲೇ ಇಲ್ಲ ಅಂತ ಅರ್ಥವೇ, ನಿಮ್ಮ ಕೊಡೆ ಮೂರು ಸಲ ಮಾಯವಾಗಲಿಲ್ಲವೇ ಎಂದು ಮಾವ ಕೇಳುತ್ತಿದ್ದ. ಇಬ್ಬರಿಗೂ ಟೀ ತಂದಿಡುವ ಅಮ್ಮ, ತಣ್ಣಗಾದರೆ ಮತ್ತೆ ಬಿಸಿ ಮಾಡಿಕೊಡುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತಿದ್ದಳು.

ನಿಜ ಹೇಳಬೇಕೆಂದರೆ ಮಾವನಿಗೆ ದೈತ್ಯರು ಇದ್ದರೂ ಒಂದೇ, ಬಿಟ್ಟರೂ ಒಂದೇ. ಅವನಿಗೆ ಚುಚ್ಚುತ್ತಿದ್ದದ್ದು ತನ್ನ ಅಪ್ಪನನ್ನು ಸುಳ್ಳುಗಾರ ಅನ್ನುವುದು. ಅಳತೆಯಲ್ಲಿ ಸುಳ್ಳು ಬರೆಯುವ ಟೈಲರ್ ಎಂದರೆ ಏನು ಉಳಿಯಿತು?

ಪೇಪರ್ ಓದಲು ಊರ ಗ್ರಂಥಾಲಯಕ್ಕೆ ಹೋದಾಗಲೂ ಇದೇ ಜಗಳ. ಕೊನೆಗೆ ಇಬ್ಬರ ಗಲಾಟೆಗೆ ತಲೆ ಚಿಟ್ಟುಹಿಡಿದ ಗ್ರಂಥಾಲಯದ ಅಧಿಕಾರಿಯೇ ಒಂದು ದಾರಿ ಹುಡುಕಿದರು. ಓದುವ ಕೋಣೆಯಲ್ಲಿ ಕಿತ್ತಾಡಬೇಡಿ, ವೇದಿಕೆ ಹತ್ತಿ ಕಿತ್ತಾಡಿ ಎಂದು ನೋಟಿಸ್ ಹಾಕಿದರು: ಭಾನುವಾರ ಹತ್ತಕ್ಕೆ ಚರ್ಚೆ, ದೈತ್ಯರ ಅಸ್ಥಿಪಂಜರ ನಿಜವೇ? ಮಾವ ಎರಡು ದಿನ ಅಂಗಡಿ ಮುಚ್ಚಿ ಅಜ್ಜನ ಅಳತೆ ಪುಸ್ತಕಕ್ಕಾಗಿ ಮನೆಯನ್ನೆಲ್ಲ ಜಾಲಾಡಿದ. ಅಜ್ಜ ತೀರಿಕೊಂಡ ಮೇಲೆ ಅದನ್ನು ಯಾರೂ ಕಂಡಿರಲಿಲ್ಲ. ಭಾನುವಾರ ಬೆಳಿಗ್ಗೆ ಅತ್ತೆಗೆ ಟ್ರಂಕಿನ ತಳದಲ್ಲಿ, ಚೂರು ಬಟ್ಟೆಗಳ ಅಡಿಯಲ್ಲಿ ಸಿಕ್ಕಿತು. ಮಾವ ಅದನ್ನು ಬಿಚ್ಚಿ ಕೂಡ ನೋಡದೆ ಕಂಕುಳಲ್ಲಿ ಇಟ್ಟುಕೊಂಡು ಓಡಿಬಂದ.

ನಾನು ಎರಡನೆಯ ಸಾಲಿನಲ್ಲಿದ್ದೆ. ಊಟ ಅಪ್ಪನ ಮನೆಯಲ್ಲಿ, ಹೊಲಿಗೆ ಕೆಲಸ ಮಾವನ ಅಂಗಡಿಯಲ್ಲಿ. ಯಾರ ಪರವಾಗಿಯೂ ತುಟಿ ಪಿಟಕ್ಕೆನ್ನುವಂತಿರಲಿಲ್ಲ.

ಅಪ್ಪ ಪಾಠ ಮಾಡಿದ ಹಾಗೆ ಮಾತಾಡಿದ, ಜನ ಆಕಳಿಸಿದರು. ಮಾವ ಎದ್ದು ಪುಸ್ತಕ ಎತ್ತಿ ತೋರಿಸಿದ್ದೇ ತಡ ಚಪ್ಪಾಳೆಯೋ ಚಪ್ಪಾಳೆ. ಸಾಕ್ಷಿ ಅಂದರೆ ಇದು ಎಂದು ಪುಟ ತೆರೆದು ಓದತೊಡಗಿದ.

"ತಲೆ ಒಂಬತ್ತು. ಕುತ್ತಿಗೆ ಮೂರು. ಕುತ್ತಿಗೆಯಿಂದ ಸೊಂಟ ಹದಿನಾರು. ಸೊಂಟದಿಂದ ಮಂಡಿ ಇಪ್ಪತ್ಮೂರು. ಸೊಂಟದಿಂದ ಹಿಮ್ಮಡಿ ನಲವತ್ತೊಂದು."

ಅಲ್ಲಿಗೆ ಅವನ ಬೆರಳು ನಿಂತಿತು. ಪ್ಯಾಂಟಿಗೆ ನಾವು ಎರಡು ಅಳತೆ ತೆಗೆಯುತ್ತೇವೆ: ಸೊಂಟದಿಂದ ಮಂಡಿಗೆ ಒಂದು, ಮತ್ತೆ ಅದೇ ಸೊಂಟದಿಂದ ಹಿಮ್ಮಡಿಯವರೆಗೆ ಇನ್ನೊಂದು. ಮೊದಲನೆಯದು ಎರಡನೆಯದರ ಒಳಗೇ ಇರುತ್ತದೆ. ಟೈಲರ್ ಆದವನು ಅಳತೆ ನೋಡಿ ಬಟ್ಟೆ ಕತ್ತರಿಸುತ್ತಾನೆಯೇ ಹೊರತು ಅಳತೆಗಳನ್ನು ಕೂಡುವುದಿಲ್ಲ. ಪತ್ರಿಕೆಯವನು ಐದನ್ನೂ ಕೂಡಿದ್ದ.

ಸಭೆಯಲ್ಲಿ ಇದು ತಿಳಿದದ್ದು ನಮ್ಮಿಬ್ಬರಿಗೆ ಮಾತ್ರ. ಮಾವ ನನ್ನ ಮುಖ ನೋಡಿದ. ಪುಸ್ತಕ ಮುಚ್ಚಿ ಕೂತುಬಿಟ್ಟಿದ್ದರೆ ಆ ದಿನ ಗೆಲುವು ಅವನದೇ. ನನಗಂತೂ, ಕೂತುಬಿಡು ಮಾರಾಯ, ಅನ್ನಿಸಿತು. ಅವನು ಕನ್ನಡಕ ತೆಗೆದು ಒರೆಸಿಕೊಂಡ.

"ಭಾವ, ಇದು ರಾಕ್ಷಸ ಅಲ್ಲ. ನಮ್ಮಪ್ಪ ಅವನಿಗೆ ಪ್ಯಾಂಟಿನ ಅಳತೆ ತಗೊಂಡಿದಾನೆ."

ಯಾರಿಗೂ ತಲೆಬುಡ ಅರ್ಥವಾಗಲಿಲ್ಲ. ಮಾವ ಅಪ್ಪನನ್ನು ವೇದಿಕೆಯ ನಡುವೆ ನಿಲ್ಲಿಸಿ, ಟೇಪು ಹಿಡಿದು ಕುರ್ಚಿ ಹತ್ತಿದ. ಅಳತೆ ಕೂಗುತ್ತಾ ಹೋದ, ನಾನು ಅಂಗಡಿಯ ಅಭ್ಯಾಸದಂತೆ ಓಡಿಹೋಗಿ ವೇದಿಕೆಯ ಕರಿಹಲಗೆಯ ಮೇಲೆ ಬರೆದೆ. ಪತ್ರಿಕೆಯವನ ಹಾಗೆ ಎಲ್ಲವನ್ನೂ ಕೂಡಿದರೆ ಐದಡಿ ಆರಂಗುಲದ ನಮ್ಮಪ್ಪ ಏಳಡಿ ನಾಲ್ಕಂಗುಲ! ಜನ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಗ್ರಂಥಾಲಯದ ಅಧಿಕಾರಿ, ನಿಶ್ಶಬ್ದ ಎಂದು ಬರೆದ ಫಲಕದ ಕೆಳಗೇ ನಿಂತು ಬಿದ್ದು ಬಿದ್ದು ನಗುತ್ತಿದ್ದರು.

ನಗದೆ ಇದ್ದವನು ಅಪ್ಪ ಒಬ್ಬನೇ. ಅವನು ಚಾಕ್‌ಪೀಸ್ ತೆಗೆದುಕೊಂಡು ಅಜ್ಜನ ಅಂಕಿಗಳನ್ನು ಒಂದರ ಕೆಳಗೊಂದು ಬರೆದ. ತೊಂಬತ್ತೆರಡು. ಅದರಿಂದ ಇಪ್ಪತ್ಮೂರು ಕಳೆದ. ಅರವತ್ತೊಂಬತ್ತು ಅಂಗುಲ, ಅಂದರೆ ಐದಡಿ ಒಂಬತ್ತಂಗುಲ. ಸಾಧಾರಣ ಎತ್ತರದ ಮನುಷ್ಯ, ಒಂದಂಗುಲವೂ ಸುಳ್ಳಿಲ್ಲ. ಅಪ್ಪ ಚಾಕ್‌ಪೀಸ್ ಇಟ್ಟು ಮೈಕು ಹಿಡಿದ.

"ಮೂವತ್ತೊಂದು ವರ್ಷ ಇವರಪ್ಪನ್ನ ಸುಳ್ಳುಗಾರ ಅಂದೆ. ಮಕ್ಕಳಿಗೆಲ್ಲ ಮೊದಲು ಅಳತೆ ನೋಡಿ ಅಂತ ಹೇಳ್ಕೊಟ್ಟೋನು, ಆ ಪುಸ್ತಕ ಎಲ್ಲಿದೆ ಅಂತ ಒಂದು ದಿನನೂ ಕೇಳ್ಲಿಲ್ಲ. ಅವರು ಸರಿಯಾಗೇ ಅಳೆದಿದ್ರು. ತಪ್ಪು ನಂದು."

ಮಾವ ಇನ್ನೂ ಕುರ್ಚಿಯ ಮೇಲೆಯೇ ಇದ್ದ. ಅಲ್ಲಿಂದಲೇ ಭಾವನ ಕುತ್ತಿಗೆಗೆ ಕೈಹಾಕಿ ತಬ್ಬಿಕೊಂಡು, ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದ. ನನಗೂ ಕಣ್ಣು ತುಂಬಿ ಬಂತು. ಅಷ್ಟು ಸಂತೋಷ ನನಗೆ ಆ ವರ್ಷವೆಲ್ಲ ಆಗಿರಲಿಲ್ಲ.

ಮೊದಲ ಸಾಲಿನಿಂದ ಅಮ್ಮ ಎದ್ದು ನಿಂತಳು.

"ಇನ್ನೊಂದ್ಸಲ ಹೇಳಿ. ಸ್ವಲ್ಪ ಜೋರಾಗಿ."

ಅಪ್ಪ ಮೈಕನ್ನು ಬಾಯಿಗೆ ಹತ್ತಿರ ತಂದು ಮೊದಲಿನಿಂದ ಹೇಳಿದ.