ನಮ್ಮ ಮನೆಯ ಹೌದಪ್ಪ

ಎಂಬತ್ತರ ದಶಕದಲ್ಲಿ ಮುಂಬಯಿಯ ಭಾಂಡುಪಿನ ನಮ್ಮ ಮನೆಯಲ್ಲಿ ಇಬ್ಬರು ಹೌದಪ್ಪಂದಿರಿದ್ದೆವು. ಒಬ್ಬ ನಾನು. ವಿಕ್ರೋಳಿಯ ಫ್ಯಾಕ್ಟರಿಯಲ್ಲಿ ಮ್ಯಾನೇಜರು ಏನಂದರೂ, ಮನೆಯಲ್ಲಿ ಹೆಂಡತಿ ಶಾರದೆ ಏನಂದರೂ ತಲೆಯಾಡಿಸಿಯೇ ಸಂಸಾರ ತೂಗಿಸಿದವನು. ಇನ್ನೊಬ್ಬ ಒಂದು ಓತಿಕ್ಯಾತ. ಅವನದು ಹುಟ್ಟುಗುಣ, ನನ್ನದು ಅಭ್ಯಾಸಬಲ.

ಕಾಗೆ ಕುಕ್ಕಿ ಹಿಂಗಾಲು ಊನವಾಗಿ ಅವನು ನಮ್ಮ ಬಾಲ್ಕನಿಯ ತುಳಸಿ ಕುಂಡದ ಹಿಂದೆ ಬಿದ್ದಿದ್ದ. ಬಿಟ್ಟರೆ ಕಾಗೆಯ ಪಾಲಾಗುತ್ತಾನೆಂದು ಶಾರದೆ ಹಳೆಯ ಹಣ್ಣಿನ ಪೆಟ್ಟಿಗೆಗೆ ಸೊಳ್ಳೆಪರದೆ ಹೊದಿಸಿ ಒಳಗಿಟ್ಟಳು. ಮೊಟ್ಟೆಯನ್ನು ಮನೆಯೊಳಗೆ ಬಿಡದವಳು ಜಿರಲೆ ಹಿಡಿದು ಬಡಿಸುವ ಮಟ್ಟಕ್ಕೆ ಬಂದಳು. ಕೆಳಗೆ ಹೋಟೆಲಿಟ್ಟಿದ್ದ ಉಡುಪಿಯ ರಾಘಣ್ಣ ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತ. “ಎಂಥ ಮಾರಾಯ್ರೆ, ಗಿಳಿ ಸಾಕುದುಂಟು, ನಾಯಿ ಸಾಕುದುಂಟು. ಓಂತಿ ಸಾಕುವವರನ್ನು ನಾನು ಈಗಲೇ ನೋಡಿದ್ದು!”

ನಗಲಿ ಬಿಡಿ. ನಮಗೆ ಮಕ್ಕಳಿರಲಿಲ್ಲ. ಬಿಲ್ಡಿಂಗಿನ ಹೆಂಗಸರ ಮರಾಠಿ ಶಾರದೆಗೆ ಎಟುಕುತ್ತಿರಲಿಲ್ಲ. ನಾನು ಕೆಲಸಕ್ಕೆ ಹೋದಮೇಲೆ ಸಂಜೆಯವರೆಗೆ ಅವಳ ಕನ್ನಡಕ್ಕೆ ಕಿವಿಗೊಡುವವನು ಅವನೊಬ್ಬನೇ. “ಇವತ್ತು ಹುಳಿ ಸ್ವಲ್ಪ ಉಪ್ಪಾಯ್ತು ಅಲ್ವೇನೋ?” ಎಂದರೆ ಹೌದು. “ಇವರು ಮತ್ತೆ ಕೊಡೆ ಮರೆತು ಹೋದರು ನೋಡು” ಎಂದರೆ ಅದಕ್ಕೂ ಹೌದು. ಹೌದಪ್ಪನೆಂಬ ಹೆಸರು ಹಾಗೆ ಬಂತು. ಒಂದೇ ಮನೆಯಲ್ಲಿ ಇಬ್ಬರಿದ್ದರೂ ನಮ್ಮಲ್ಲಿ ಪೈಪೋಟಿ ಇರಲಿಲ್ಲ. ಹಗಲು ಪಾಳಿ ಅವನದು, ಸಂಜೆ ಪಾಳಿ ನನ್ನದು.

ಮಳೆಗಾಲ ಬಂತು. ಮುಂಬಯಿಯ ಮಳೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ. ನೆನೆಯದಿರಲಿ ಎಂದು ಪೆಟ್ಟಿಗೆಯನ್ನು ಅಡುಗೆಮನೆಯ ಮೂಲೆಗೆ ತಂದೆವು. ಹೌದಪ್ಪ ಮಂಕಾದ. ಮಳೆ ನಿಂತು ಅಕ್ಟೋಬರಿನ ಉರಿ ಶುರುವಾದರೂ ಚೇತರಿಸಲಿಲ್ಲ. ಮೈ ಕಪ್ಪಿಟ್ಟಿತು, ಜಿರಲೆ ಎದುರಿಗೆ ಓಡಾಡಿದರೂ ನೋಡಲೊಲ್ಲ. ತಲೆಯಾಡಿಸುವುದನ್ನೂ ನಿಲ್ಲಿಸಿಬಿಟ್ಟ.

ಶಾರದೆ ಬಹಳ ಹೊತ್ತು ನೋಡಿ ತೀರ್ಪು ಕೊಟ್ಟಳು. “ಉಷ್ಣ ಆಗಿದೆ ಕಣ್ರೀ ಇದಕ್ಕೆ.”

ಉಷ್ಣದ ವಿಷಯ ಇಲ್ಲಿ ಎರಡು ಮಾತು ಹೇಳಲೇಬೇಕು. ನಮ್ಮ ಮೈಸೂರು ಕಡೆಯವರಿಗೆ ಅದು ಕಾಯಿಲೆಯಲ್ಲ, ಸಿದ್ಧಾಂತ. ಕಣ್ಣು ಕೆಂಪಾದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಗಂಡ ಸಿಡುಕಿದರೆ ಉಷ್ಣ. ಜಗತ್ತಿನ ಸಕಲ ಆಹಾರವನ್ನೂ ನಮ್ಮ ಅಜ್ಜಿಯರು ಎರಡೇ ಜಾತಿಯಾಗಿ ವಿಂಗಡಿಸಿದ್ದಾರೆ. ಮಾವು, ಪರಂಗಿ ಒಂದು ಕಡೆ, ಹೆಸರುಬೇಳೆ, ಮಜ್ಜಿಗೆ ಇನ್ನೊಂದು ಕಡೆ. ಆಯುರ್ವೇದದ ಪಿತ್ತಕ್ಕೂ ಇದಕ್ಕೂ ನಂಟು ಹುಡುಕುವ ಪಂಡಿತರಿದ್ದಾರು, ನಮಗೆ ಅಷ್ಟೆಲ್ಲ ಬೇಕಿರಲಿಲ್ಲ. ಅಂಗಾಲಿಗೆ ಹರಳೆಣ್ಣೆ ಹಚ್ಚಿಸಿಕೊಂಡು ಬೆಳೆದ ನಾನು ಎಂದಿನಂತೆ ತಲೆಯಾಡಿಸಿದೆ.

ತಂಪಿನ ಉಪಚಾರ ಶುರುವಾಯಿತು. ಪೆಟ್ಟಿಗೆ ನೀರಿನ ಮಡಕೆಯ ಪಕ್ಕಕ್ಕೆ ಹೋಯಿತು. ಮೇಲೆ ಒದ್ದೆ ಪಂಚೆ. ಹತ್ತಿಯಲ್ಲಿ ಅದ್ದಿ ಬಾಯಿಗೆ ಜೀರಿಗೆ ನೀರು. ಶಾರದೆ ಹಗಲೆಲ್ಲ ಪಂಚೆ ಒಣಗದಂತೆ ನೋಡಿಕೊಂಡಳು. ಅಷ್ಟು ದಿನವೂ ಆಚೆ ಬಾಲ್ಕನಿಯಲ್ಲಿ ಒಳ್ಳೆ ಬಿಸಿಲು ಸುರಿಯುತ್ತಿತ್ತು. ಅವಳು ಅಲ್ಲಿ ಸಂಡಿಗೆ ಒಣಗಿಸುತ್ತಿದ್ದಳು.

ಕೊನೆಗೆ ಸಾಂತಾಕ್ರೂಜಿನಲ್ಲಿ ಒಬ್ಬ ನಾಯಿ ಡಾಕ್ಟರಿದ್ದಾನೆಂದು ಕೇಳಿ, ತೂತು ಕೊರೆದ ಟಿಫಿನ್ ಡಬ್ಬಿಯಲ್ಲಿ ಹೌದಪ್ಪನನ್ನು ಮಲಗಿಸಿ ಹೊರಟೆವು. ದಾದರಿನಲ್ಲಿ ಲೋಕಲ್ ಬದಲಿಸುವ ನೂಕುನುಗ್ಗಲಲ್ಲಿ ಅವಳು ಡಬ್ಬಿಯನ್ನು ಎದೆಗವಚಿಕೊಂಡಿದ್ದಳು. ಡಾಕ್ಟರು ನಗಲಿಲ್ಲ, ಅದೇ ದೊಡ್ಡದು. ಹೌದಪ್ಪನ ಹೊಟ್ಟೆ ಮುಟ್ಟಿ ನೋಡಿ, ನಮ್ಮ ಚಿಕಿತ್ಸೆಯನ್ನೆಲ್ಲ ಕೇಳಿಸಿಕೊಂಡು, “ಗರ್ಮೀ ನಹೀಂ ಬೆಹೆನ್‌ಜೀ, ಥಂಡ್ ಲಗೀ ಹೈ. ಧೂಪ್ ಮೇಂ ಕ್ಯೋಂ ನಹೀಂ ರಖಾ?” ಎಂದರು. ಆಗಿರುವುದು ಉಷ್ಣವಲ್ಲ, ಶೀತವಂತೆ. ಈ ಪ್ರಾಣಿಗೆ ಸ್ವಂತದ ಕಾವಿಲ್ಲವಂತೆ, ಬಿಸಿಲಿಂದಲೇ ಪಡೆಯಬೇಕಂತೆ. ಬಿಸಿಲಿಲ್ಲದಿದ್ದರೆ ತಿಂದದ್ದೂ ಅರಗದಂತೆ. ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಧೂಪ್ ಎಂದರೆ ಬಿಸಿಲೆಂದು ಶಾರದೆಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಸಂಡಿಗೆ ಸರಿಸಿ, ಅದೇ ಜಾಗದಲ್ಲಿ ಅವನನ್ನು ಮಲಗಿಸಿದೆವು. ಕಪ್ಪಿಟ್ಟ ಮೈ ನಿಧಾನವಾಗಿ ತಿಳಿಯಾಗಿ ಹಳೆಯ ಕಂದು ಬಣ್ಣ ಬಂತು. “ನೋಡ್ರೀ, ಬಣ್ಣ ಬಂತು!” ಎಂದಳು. ಮಧ್ಯಾಹ್ನದ ಹೊತ್ತಿಗೆ ಅವನು ಇರಲಿಲ್ಲ. ತುಳಸಿ ಕುಂಡದ ಮಣ್ಣಿನಲ್ಲೇ ಹೂತೆವು. ನನಗೆ ಬಹಳ ದುಃಖವಾಯಿತು. ಅಸಡ್ಡೆಯಿಂದ ಸತ್ತಿದ್ದರೆ ಯಾರನ್ನಾದರೂ ಬೈಯಬಹುದಿತ್ತು. ಅವನನ್ನು ಕೊಂದದ್ದು ನಮ್ಮ ಅಕ್ಕರೆ. ಅದನ್ನು ಬೈಯುವುದು ಹೇಗೆ?

ಆಮೇಲೆ ಶಾರದೆಯ ಬಾಯಿಂದ ಉಷ್ಣವೆಂಬ ಮಾತೇ ಬರಲಿಲ್ಲ. ಸ್ವಲ್ಪ ದಿನಕ್ಕೆ ನನಗೆ ಬಾಯಿ ಹುಣ್ಣಾಯಿತು. ಅವಳು ಮಜ್ಜಿಗೆ ಲೋಟ ಹಿಡಿದು ಬಂದವಳು ನನ್ನ ಮುಂದೆ ಹಾಗೇ ನಿಂತಳು. “ಇದನ್ನ ಕುಡಿದರೆ ನಿಮಗೆ ಒಳ್ಳೇದಾಗುತ್ತಾ?” ಎಂದಳು. ನಾನು ತಲೆಯಾಡಿಸಿದೆ.

“ತಲೆ ಆಡಿಸಬೇಡ್ರೀ,” ಎಂದಳು. “ಅವನಿಗಂತೂ ಮಾತು ಬರ್ತಿರಲಿಲ್ಲ. ನೀವಾದರೂ ಬಾಯಿ ಬಿಟ್ಟು ಹೇಳಿ.”

ಹುಣ್ಣಾದ ಬಾಯಿಯನ್ನು ಕಷ್ಟಪಟ್ಟು ತೆರೆದು, “ಗೊತ್ತಿಲ್ಲ ಕಣೇ,” ಎಂದೆ. ಅಷ್ಟು ವರ್ಷದ ಸಂಸಾರದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಶಾರದೆ ಲೋಟ ಕೆಳಗಿಟ್ಟು ಪಕ್ಕದಲ್ಲಿ ಕುಳಿತು, “ನನಗೂ ಗೊತ್ತಿರಲಿಲ್ಲ,” ಎಂದಳು.